ಸಿರಿಲ್‌ನ ಹನ್ನೆರಡು ಮಾತು

ಮಾರ್ಚ್ 8, 1954, ಸೋಮವಾರ

ಸಿನಿಮಾ! ಅಕ್ಷರ ಕೋಳಿಕಾಲಾಗುತ್ತಿದೆ, ಆಗಲಿ. ಐವತ್ತಮೂರು ವರ್ಷದ ನಾನು, ಮೂವತ್ತೊಂದು ವರ್ಷದಿಂದ ನಾಟಕಗಳಲ್ಲಿ ಅಡುಗೆಯವಳು, ಸೂಲಗಿತ್ತಿ, ಬಾಯಿಬಡುಕ ನೆರೆಯವಳು, ಒಮ್ಮೆ ಒಂದೇ ಒಂದು ವಾರ ಫ್ರಾನ್ಸಿನ ಮುದಿರಾಣಿ ಆಗಿದ್ದ ನಾನು, ಬರುವ ಸೋಮವಾರ ಕ್ಯಾಮೆರಾದ ಮುಂದೆ ನಿಲ್ಲಲಿದ್ದೇನೆ.

ಸುದ್ದಿ ತಂದವನು ಸಿರಿಲ್ ಗಾರ್ಸೈಡ್. ಥಿಯೇಟರಿನ ಪಕ್ಕದ ಟೀ ಅಂಗಡಿಯಲ್ಲಿ ಟೋಸ್ಟು ಕಡಿಯುತ್ತ ಕೂತಿದ್ದೆ. ಬಾಗಿಲಲ್ಲೇ ಹ್ಯಾಟು ತೆಗೆದು, ಹಳೆಯ ಯಾವುದೋ ನಾಟಕದ ನ್ಯಾಯಾಧೀಶನ ದನಿಯಲ್ಲಿ, "ಈನಿಡ್ ಥ್ಯಾಕ್‌ವೆಲ್, ಎದ್ದು ನಿಲ್ಲು" ಅಂದ. ಅಂಗಡಿಯವರೆಲ್ಲ ತಿರುಗಿ ನೋಡಿದರು. ಎದ್ದು ನಿಂತೆ.

"ಮುಂದಿನ ಸೋಮವಾರದಿಂದ ನೀನು ಮತ್ತೆ ನನ್ನ ಹೆಂಡತಿ."

"ಹತ್ತನೇ ಸಲ! ಯಾವ ನಾಟಕ ಮಾರಾಯ?"

"ನಾಟಕ ಅಲ್ಲ ಕಣೆ. ಸಿನಿಮಾ."

ಸಮುದ್ರದಂಡೆಯಲ್ಲಿ ಗ್ರಬ್ ದಂಪತಿಯ ವಸತಿಗೃಹ, ಅಲ್ಲಿಗೆ ಓಡಿಬರುವ ಪ್ರೇಮಿಗಳು, ಇದು ಕಥೆ. ಪ್ರೇಮಿಗಳ ಪಾತ್ರಕ್ಕೆ ದೊಡ್ಡ ಹೆಸರಿನವರಿದ್ದಾರೆ. ಗ್ರಬ್ ಆಗಿ ಸಿರಿಲ್‌ನನ್ನು ಆರಿಸಿದ್ದಾರೆ. ಹೆಂಡತಿ ಇನ್ನೂ ಸಿಕ್ಕಿಲ್ಲ ಎಂದು ನಿರ್ದೇಶಕ ತಲೆ ಕೆರೆದುಕೊಂಡಾಗ ಇವನು, "ಸಿಕ್ಕಿಲ್ಲ ಅಂದ್ರೇನು ಸ್ವಾಮಿ? ಒಂಬತ್ತು ನಾಟಕದಿಂದ ನಂಗೊಬ್ಬಳು ಇದ್ದಾಳೆ. ಬೇರೆಯವಳನ್ನ ಕಟ್ಕೊಂಡ್ರೆ ಕಾಲು ಮುರೀತಾಳೆ" ಅಂದನಂತೆ! ಅಷ್ಟಕ್ಕೇ ನನಗೆ ಪಾತ್ರ.

ಗಂಡನಿಗೆ ಹನ್ನೆರಡು ಮಾತು, ಹೆಂಡತಿಗೆ ನಾಲ್ಕು. ಹನ್ನೆರಡರಲ್ಲಿ ಒಂದು ಉದ್ದದ್ದು. ಮೀನಂಗಡಿಯ ಸಾಲಿನಲ್ಲಿ ತಾನು ಹೆಂಡತಿಯನ್ನು ಮದುವೆಗೆ ಕೇಳಿದ ಕಥೆಯನ್ನು ಗ್ರಬ್ ಆ ಪ್ರೇಮಿ ಹುಡುಗನಿಗೆ ಹೇಳುತ್ತಾನೆ. ಅದನ್ನು ಸಿರಿಲ್ ಅಲ್ಲೇ, ಟೀ ಲೋಟದ ಎದುರಿಗೆ, ಹೇಳಿ ತೋರಿಸಿದ. ಅವಳ ಪಕ್ಕ ನಿಲ್ಲುವ ಆಸೆಗೆ ತನ್ನ ಸರದಿಯನ್ನು ಮೂರು ಸಲ ಹಿಂದಿನವರಿಗೆ ಬಿಟ್ಟುಕೊಡುತ್ತಾನೆ. ಅಷ್ಟರಲ್ಲಿ ಮೀನೆಲ್ಲ ಖಾಲಿ. ಆಗ ಅವಳ ಕಡೆ ತಿರುಗಿ, "ಮೀನು ಮುಗೀತು. ಇನ್ನು ಉಳಿದಿರೋದು ನಾನೊಬ್ಬನೇ" ಅನ್ನುತ್ತಾನೆ. ಟೀ ತಂದವಳು ತಟ್ಟೆ ಹಿಡಿದು ನಿಂತೇಬಿಟ್ಟಳು.

ಸಿರಿಲ್‌ಗೆ ಐವತ್ತೆಂಟು. ಹದಿನೇಳಕ್ಕೆ, ಇಬ್ಬರು ಸೇರಿ ತೊಡುವ ಕುದುರೆ ವೇಷದ ಹಿಂಗಾಲಾಗಿ ರಂಗಕ್ಕೆ ಬಂದವನು. ಬಟ್ಲರ್, ಪಾದ್ರಿ, ಪೊಲೀಸಿನವ, ಶವಪೆಟ್ಟಿಗೆ ಮಾಡುವವ, ಏನೆಲ್ಲ ಆಗಿದ್ದಾನೆ. ಆದರೆ ಬೀದಿಯಲ್ಲಿ ಇವನ ಗುರುತು ಹಿಡಿದವರಿಲ್ಲ. "ಇದೊಂದು ಕೈ ಹಿಡಿದ್ರೆ ಊರೂರು ಸುತ್ತೋದು ತಪ್ಪುತ್ತೆ ಕಣೆ. ಈ ಮಂಡಿ ಇನ್ನು ರೈಲು ಮೆಟ್ಟಿಲು ಹತ್ತಲ್ಲ ಅಂತಿದೆ. ಸಿನಿಮಾದಲ್ಲಾದ್ರೆ ಕೂರೋಕೆ ಕುರ್ಚಿ ಕೊಡ್ತಾರಂತೆ" ಅಂದ.

ಸಿನಿಮಾ! ಯಾವ ಹ್ಯಾಟು ಹಾಕಿಕೊಂಡು ಹೋಗಲಿ?

ಮಾರ್ಚ್ 15, ಸೋಮವಾರ

ಬೆಳಗ್ಗೆ ಆರಕ್ಕೆ ಕಾರು ಬಂತು. ನನಗೆ, ಕಾರು! ಮನೆಯೊಡತಿ ಮಿಸೆಸ್ ಬಿಗ್ಸ್ ಪರದೆಯ ಹಿಂದೆ ನಿಂತು ನೋಡಿದ್ದನ್ನು ನಾನು ನೋಡಿದೆ. ಕಾರಿನಲ್ಲಿ ಸಿರಿಲ್ ಆಗಲೇ ಕೂತು ತುಟಿ ಅಲ್ಲಾಡಿಸುತ್ತಿದ್ದ. ಮೀನಂಗಡಿ ಮಾತು. ಅದರ ಚಿತ್ರೀಕರಣಕ್ಕೆ ಇನ್ನೂ ಎರಡು ವಾರವಿದೆ!

ಸ್ಟುಡಿಯೋ ಎಂದರೆ ವಿಮಾನ ನಿಲ್ಲಿಸುವ ಕೊಟ್ಟಿಗೆಯ ಹಾಗಿದೆ. ಅದರೊಳಗೆ ಒಂದು ಊಟದ ಕೋಣೆ, ಮೂರೇ ಗೋಡೆ. ಮೇಜಿನ ಮೇಲೆ ನಿಜವಾದ ಬೆಣ್ಣೆ, ನಿಜವಾದ ಹಂದಿ ಮಾಂಸ. ರೇಷನ್ ಪುಸ್ತಕ ಹಿಡಿದು ಬದುಕುವ ಲೈಟಿನವರು ಮೇಲಿನ ಹಲಗೆಗಳ ಮೇಲಿಂದ ಹದ್ದುಗಳ ಹಾಗೆ ಅದನ್ನೇ ನೋಡುತ್ತಿದ್ದರು. ನಿರ್ದೇಶಕ ಡೆಸ್ಮಂಡ್ ಫೆರಾರ್‌ಗೆ ಮೂವತ್ತೊಂದು ವರ್ಷ. ನಾನು ಬಣ್ಣ ಹಚ್ಚಿದಷ್ಟೇ ವರ್ಷ! ಬೆರಳುಗಳನ್ನು ಚೌಕಟ್ಟು ಮಾಡಿ ಜಗತ್ತನ್ನೆಲ್ಲ ಅದರೊಳಗಿಂದ ನೋಡುತ್ತಾನೆ.

ನನ್ನ ಕೆಲಸ ಇಷ್ಟೇ: ಅತಿಥಿಗಳ ತಟ್ಟೆಗೆ ಆಲೂಗಡ್ಡೆ ಬಡಿಸಿ ಹಿಂದೆ ಸರಿಯುವುದು. ಸರಿಯುವಾಗ ಏನನ್ನಿಸಿತೋ, ಹುಡುಗನ ತಟ್ಟೆ ನೋಡಿ, ಅವನ ಮುಖ ನೋಡಿ, ಒಂದು ಆಲೂಗಡ್ಡೆ ವಾಪಸು ತೆಗೆದುಕೊಂಡೆ. ಯಾರೂ ಹೇಳಿಕೊಟ್ಟಿದ್ದಲ್ಲ. ಮೇಲಿನಿಂದ ನಗು ಉದುರಿತು. ಲೈಟಿನವರು ನಕ್ಕರೆ ಫಿಲಂ ಹಾಳಂತೆ. ಫೆರಾರ್ ಬೈಯಲಿಲ್ಲ, ಅವನೇ ಕರವಸ್ತ್ರ ಬಾಯಿಗೆ ತುರುಕಿಕೊಂಡಿದ್ದ.

"ಮಿಸ್ ಥ್ಯಾಕ್‌ವೆಲ್, ಅದನ್ನ ಇನ್ನೊಂದ್ಸಲ ಮಾಡ್ತೀರಾ? ಹಾಗೇ, ಅಷ್ಟೇ ದುಷ್ಟತನದಿಂದ?"

ಆರು ಸಲ ಮಾಡಿದೆ. ಆರು ಸಲವೂ ದುಷ್ಟಳಾದೆ.

ಸಂಜೆ ನಾಟಕ ಎಂದಿನಂತೆ, ನಾನು ಅಡುಗೆಯವಳು, ಸಿರಿಲ್ ಬಟ್ಲರ್. ಎರಡನೇ ವರ್ಷದಲ್ಲಿರುವ ನಾಟಕ, ನಿದ್ದೆಯಲ್ಲೂ ಮಾಡಬಹುದು. ಆದರೆ ಇವತ್ತು ನಿದ್ದೆ ಎಲ್ಲಿ!

ಮಾರ್ಚ್ 18, ಗುರುವಾರ

ನನಗೀಗ ಆರು ಮಾತು! "ಬಾತ್‌ರೂಮಿನ ಬಿಸಿನೀರು ಮಂಗಳವಾರ ಮಾತ್ರ" ಅನ್ನುವುದು ಗಂಡನ ಮಾತಾಗಿತ್ತು. ಫೆರಾರ್ ಬೆರಳ ಚೌಕಟ್ಟಿನಿಂದ ನಮ್ಮಿಬ್ಬರನ್ನೂ ನೋಡಿ, "ಇದು ಹೆಂಡತಿ ಬಾಯಲ್ಲಿ ಬಂದ್ರೆ ಹೆಂಗೆ?" ಎಂದ. ಹೇಳಿ ನೋಡಿದೆ. ಮತ್ತೆ ನಗು. ಹಾಗೇ ಇನ್ನೊಂದು ಮಾತೂ ಈ ಕಡೆ ಬಂತು.

"ನಿಮಗೇನೂ ಬೇಜಾರಿಲ್ವಲ್ಲ ಗಾರ್ಸೈಡ್?" ಎಂದು ಫೆರಾರ್ ಕೇಳಿದ್ದಕ್ಕೆ ಸಿರಿಲ್, "ಮೂವತ್ತು ವರ್ಷ ನಾಟಕದ ಗಂಡನಾಗಿದೀನಿ ಸರ್. ಬಾಯಿ ಮುಚ್ಕೊಂಡಿರೋದು ಅಭ್ಯಾಸ" ಎಂದ. ಎಲ್ಲರೂ ನಕ್ಕರು. ಎಷ್ಟು ಒಳ್ಳೆಯ ಮನುಷ್ಯ!

ಫೆರಾರ್ ಈಗ ನನ್ನನ್ನು ಈನಿಡ್ ಎಂದೇ ಕರೆಯುತ್ತಾನೆ.

ಮಾರ್ಚ್ 20, ಶನಿವಾರ

ಎರಡು ಆಟ. ಮಧ್ಯಾಹ್ನದ ಆಟದಲ್ಲಿ ಒಂದು ಪ್ರಯೋಗ ಮಾಡಿದೆ. ಎರಡನೇ ಅಂಕದಲ್ಲಿ ಬಟ್ಲರ್ ಬಾಗಿಲ ಹತ್ತಿರ ನಿಂತು ತನ್ನ ಕೊನೆಯ ಮಾತು ಹೇಳಿ ಹೊರಡುವ ಮುನ್ನ, ನಾನು ಸೂಪಿನ ಸೌಟನ್ನು ನೆಕ್ಕಿ, ಯೋಚಿಸಿ, ಮತ್ತೆ ಪಾತ್ರೆಗೆ ಅದ್ದಿದೆ. ಅಬ್ಬಾ, ಗ್ಯಾಲರಿಯಿಂದ ಗರ್ಜನೆ! ಎರಡು ವರ್ಷದಲ್ಲಿ ಆ ಜಾಗದಲ್ಲಿ ಇಂಥ ನಗು ಕೇಳಿರಲಿಲ್ಲ.

ಒಳಗೆ ಬಂದ ಮೇಲೆ ಸಿರಿಲ್ ಕಾಲರ್ ಬಿಚ್ಚುತ್ತ, "ನನ್ನ ನಗು ನುಂಗಿಬಿಟ್ಟೆಯಲ್ಲೇ" ಎಂದ.

"ಇಬ್ಬರದ್ದೂ ಅಲ್ವೇನೋ ನಗು?"

"ಹೌದೌದು. ನೀನು ತಿಂದೆ, ನಾನು ತೇಗಿದೆ."

ಮಂಡಿನೋವು ಜಾಸ್ತಿಯಾದಾಗಲೆಲ್ಲ ಅವನ ಬಾಯಿ ಹೀಗೆ ಹುಳಿಯಾಗುತ್ತದೆ. ಸಂಜೆಯ ಆಟದಲ್ಲೂ ಸೌಟು ನೆಕ್ಕಿದೆ. ಇನ್ನೂ ದೊಡ್ಡ ನಗು.

ಮಾರ್ಚ್ 23, ಮಂಗಳವಾರ

ಚಿತ್ರೀಕರಿಸಿದ ತುಣುಕುಗಳನ್ನು ಕತ್ತಲ ಕೋಣೆಯಲ್ಲಿ ತೋರಿಸಿದರು. ನನ್ನ ಮುಖ ಒಂದು ಮನೆಯಷ್ಟು ದೊಡ್ಡದು! ಮೂಗಿನ ಪಕ್ಕದ ಗಂಟು ಬೆಟ್ಟದಂತೆ ಕಂಡಿತು. ಅದನ್ನು ಕಂಡೇ ಜನ ನಕ್ಕರು. ಇಷ್ಟು ವರ್ಷ ಅದನ್ನು ಪೌಡರಿನಲ್ಲಿ ಹೂತಿಡುತ್ತಿದ್ದೆನಲ್ಲ, ದಡ್ಡಿ. ಫೆರಾರ್ ನನ್ನ ಕಿವಿಯ ಹತ್ತಿರ ಬಾಗಿ, "ಕ್ಯಾಮೆರಾ ನಿಮಗಾಗಿ ಕಾದು ಕೂತಿತ್ತು ಕಣ್ರೀ" ಎಂದ.

ನನ್ನ ಏಜೆಂಟ್ ಟೋಜರ್ ಎರಡು ವರ್ಷದ ನಂತರ ತಾನಾಗಿಯೇ ಫೋನು ಮಾಡಿದ. ಮಿಸೆಸ್ ಬಿಗ್ಸ್ ಫೋನಿನ ಪಕ್ಕ ಧೂಳು ಒರೆಸುವ ನೆಪದಲ್ಲಿ ಹದಿನೈದು ನಿಮಿಷ ನಿಂತಿದ್ದಳು.

ಮಾರ್ಚ್ 25, ಗುರುವಾರ

ಸ್ಟುಡಿಯೋದಿಂದ ಥಿಯೇಟರಿಗೆ ಫೆರಾರ್ ತನ್ನ ಸ್ವಂತ ಕಾರಿನಲ್ಲೇ ಕರೆತಂದ. ಎರಡೇ ಆಸನದ ಕೆಂಪು ಕಾರು. ಸಿರಿಲ್ ಬಸ್ಸಿನಲ್ಲಿ ಬರುವುದಾಗಿ ಹೇಳಿದ. ದಾರಿಯುದ್ದಕ್ಕೂ ಸಿನಿಮಾ ಮಾತು! ಮೀನಂಗಡಿ ದೃಶ್ಯ ಯಾಕೋ ಏಳುತ್ತಿಲ್ಲ, ಹುಡುಗನಿಗೆ ಮುದುಕ ಕಥೆ ಹೇಳುವುದು ಪಾಠ ಹೇಳಿದ ಹಾಗಿದೆ ಎಂದು ಫೆರಾರ್ ಪೇಚಾಡುತ್ತಿದ್ದ. ನಾನು, "ಇಂಥದ್ದೆಲ್ಲ ಹೆಂಗಸರಿಗೇ ನೆನಪಿರೋದು. ಗಂಡಸರು ಅಂಗಡಿ ದಾಟೋದ್ರೊಳಗೆ ಮರ್ತುಬಿಡ್ತಾರೆ" ಅಂದೆ.

ಅವನು ಸ್ಟೀರಿಂಗಿಗೆ ಬಡಿದ. ಕಾರು ಹಾಲಿನ ಗಾಡಿಗೆ ಗುದ್ದುವುದು ಕೂದಲೆಳೆಯಲ್ಲಿ ತಪ್ಪಿತು. "ಈನಿಡ್! ಅಷ್ಟೇ! ಹೆಂಡತಿ ಆ ಹುಡುಗಿಗೆ ಹೇಳ್ಬೇಕು!"

ನಾನೇನೂ ಕೇಳಲಿಲ್ಲ. ಸುಮ್ಮನೆ ಮಾತಿಗೆ ಹೇಳಿದ್ದು. ಚಿತ್ರಕ್ಕೆ ಯಾವುದು ಒಳ್ಳೆಯದೋ ಅದೇ ಆಗಬೇಕಲ್ಲವೇ.

ಮಾರ್ಚ್ 29, ಸೋಮವಾರ

ಬದಲಾದ ಪುಟಗಳು ಬಂದವು, ಗುಲಾಬಿ ಬಣ್ಣದ ಕಾಗದದಲ್ಲಿ. ಗಂಡನ ಏಳು ಮಾತಿಗೆ ಗೆರೆ ಎಳೆದಿದ್ದಾರೆ. ಮೀನಂಗಡಿ ಮಾತು ಪೂರ್ತಿ ನನಗೆ. ಒಂದೂವರೆ ಪುಟ!! ಕೊನೆಗೆ, "ಆಗ ಇವರು ನನ್ನ ಕಡೆ ತಿರುಗಿ ಏನಂದ್ರು ಗೊತ್ತಾ" ಅಂತ ಬರುತ್ತದೆ.

ಸಿರಿಲ್ ಆ ಪುಟವನ್ನು ನಿಂತೇ ಓದಿದ. ಎರಡು ಸಲ ಓದಿದ. ಆಮೇಲೆ ಫೆರಾರ್ ಹತ್ತಿರ ಹೋಗಿ, "ನಾನೇನು ಮಾಡ್ಬೇಕು ಸರ್ ಆವಾಗ?" ಎಂದು ಕೇಳಿದ.

"ನೀವು ಹಿಂದೆ, ಕಿಟಕಿ ಪಕ್ಕ ಕೂತ್ಕೊಂಡು ಆಲೂಗಡ್ಡೆ ಸಿಪ್ಪೆ ತೆಗೀತಿರಿ."

"ಎಷ್ಟು ಆಲೂಗಡ್ಡೆ?"

ಮತ್ತೆ ಎಲ್ಲರೂ ನಕ್ಕರು. ಸಿರಿಲ್ ನಗಲಿಲ್ಲ, ನಿಜವಾಗಿ ಕೇಳುತ್ತಿದ್ದ. "ನಾಲ್ಕು" ಎಂದ ಫೆರಾರ್. ಸಿರಿಲ್ ಪುಟದ ಅಂಚಿನಲ್ಲಿ ನಾಲ್ಕು ಎಂದು ಬರೆದುಕೊಂಡ.

ಮಾರ್ಚ್ 31, ಬುಧವಾರ

ನಾಳೆ ನನ್ನ ದೃಶ್ಯ. ಕೊನೆಯ ಮಾತು ಹಿಡಿತಕ್ಕೆ ಸಿಗುತ್ತಿಲ್ಲ. "ಉಳಿದಿರೋದು ನಾನೊಬ್ಬನೇ" ಎಂದಾಗ ಒಮ್ಮೆ ಜೋಕಾಗುತ್ತದೆ, ಒಮ್ಮೆ ಗೋಳಾಗುತ್ತದೆ. ಎರಡು ಆಟಗಳ ನಡುವೆ ಸಿರಿಲ್‌ನ ಕೋಣೆಗೆ ಹೋಗಿ ಕೇಳಿದೆ. ಅವನು ಮಂಡಿಗೆ ಬಿಸಿನೀರಿನ ಬಟ್ಟೆ ಇಟ್ಟುಕೊಂಡು ಕೂತಿದ್ದ. ಬಟ್ಟೆ ಹಿಂಡಿ ಮತ್ತೆ ಇಟ್ಟುಕೊಂಡ.

"ಆ ಮಾತಿಗೆ ಮುಂಚೆ ಉಸಿರು ತಗೋಬೇಡ. ಇರೋ ಉಸಿರನ್ನ ಬಿಟ್ಟು, ಖಾಲಿಯಾಗಿ ಹೇಳು" ಎಂದ.

"ಅಷ್ಟೇನಾ?"

"ಅಷ್ಟು ಕಂಡುಹಿಡಿಯೋಕೆ ಮೂರು ವಾರ ಬೇಕಾಯ್ತು ಕಣೆ."

ಕನ್ನಡಿ ಮುಂದೆ ಹಾಗೇ ಹೇಳಿ ನೋಡಿದೆ. ಬಂತು!

ಏಪ್ರಿಲ್ 1, ಗುರುವಾರ

ಒಂದೇ ಟೇಕ್! ಒಂದೇ! ಮುಗಿದದ್ದೇ ತಡ, ಮೇಲಿನ ಹಲಗೆಗಳಿಂದ ಚಪ್ಪಾಳೆ. ನಾಯಕಿ ಹುಡುಗಿಯ ಕಣ್ಣಲ್ಲಿ ನಿಜವಾದ ನೀರು. ಧ್ವನಿ ಹಿಡಿಯುವವನು ಕಿವಿಯ ಯಂತ್ರ ತೆಗೆದು ತಲೆಬಾಗಿದ. ಫೆರಾರ್ ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟ. ನನ್ನ ಕಾಲು ನೆಲದ ಮೇಲಿಲ್ಲ. ಮೂವತ್ತೊಂದು ವರ್ಷ ಬಾಗಿಲು ತೆಗೆದು, "ಊಟ ಸಿದ್ಧವಾಗಿದೆ ಅಮ್ಮಾವ್ರೇ" ಎನ್ನುತ್ತ ನಿಂತಿದ್ದವಳಿಗೆ ಒಂದು ಇಡೀ ಕೋಣೆ ಉಸಿರು ಹಿಡಿದುಕೊಂಡಿತು!

ಉಳಿದದ್ದು ನಾಳೆ ಬರೆಯುವೆ. ಎಲ್ಲರೂ ಶೆರಿ ಕುಡಿಯಲು ಕರೆಯುತ್ತಿದ್ದಾರೆ.

ಏಪ್ರಿಲ್ 10, ಶನಿವಾರ

ನಾಟಕದ ಕೊನೆಯ ಆಟ ಇವತ್ತು. ಎರಡು ವರ್ಷದ ಮೇಲೆ ಪರದೆ ಬೀಳುತ್ತಿದೆ. ನನಗೆ ಬೇಸರಪಡಲೂ ಬಿಡುವಿಲ್ಲ: ಸೋಮವಾರ ಸ್ಟುಡಿಯೋದವರು ಮೂರು ಚಿತ್ರಗಳ ಒಪ್ಪಂದದ ಮಾತಾಡಲು ಕರೆದಿದ್ದಾರೆ. ಮೂರು!

ಸಿರಿಲ್ ಉತ್ತರದ ಊರುಗಳಿಗೆ ಹೊರಟ ಒಂದು ನಾಟಕ ಕಂಪನಿ ಸೇರಿದ್ದಾನಂತೆ. ನನಗೆ ಹೇಳಿದ್ದು ಥಿಯೇಟರಿನ ಬಾಗಿಲು ಕಾಯುವ ಮುದುಕ. ಕೋಪ ಬಂದು ಸಿರಿಲ್‌ನ ಕೋಣೆಗೇ ಹೋದೆ. ಬಣ್ಣದ ಡಬ್ಬಿಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ.

"ಆ ಮಂಡಿ ಇಟ್ಕೊಂಡು ಊರೂರು ಸುತ್ತೋದಾ? ಬುದ್ಧಿ ಇದೆಯಾ ನಿಂಗೆ? ಸಿನಿಮಾ ಬಿಡುಗಡೆ ಆಗೋವರೆಗೆ ತಡ್ಕೋಬಾರದಾ?"

"ಸಿನಿಮಾದಲ್ಲಿ ನಂದು ಉಳಿದಿರೋದು ಎರಡು ಮಾತು ಈನಿಡ್. ಅದ್ರಲ್ಲೊಂದು ಗುಡ್ ಮಾರ್ನಿಂಗ್."

"ಅದಕ್ಕೆ ನಾನೇನು ಮಾಡ್ಲಿ? ನಿರ್ದೇಶಕರು ಮಾಡಿದ್ದು."

"ಹ್ಞೂಂ" ಎಂದ. ಪೆಟ್ಟಿಗೆ ಮುಚ್ಚಿದ. "ನಿಂಗೆ ಒಳ್ಳೇದಾಗ್ಲಿ. ನಿಜವಾಗ್ಲೂ ಹೇಳ್ತಿದೀನಿ."

ನಿಜವಾಗಲೂ ಹೇಳುತ್ತಿದ್ದ, ಅದೇ ನನ್ನನ್ನು ಇನ್ನಷ್ಟು ರೇಗಿಸಿತು. ಹೋಗಲಿ. ಸೋಮವಾರಕ್ಕೆ ನೀಲಿ ಕೋಟು ಇಸ್ತ್ರಿ ಆಗಬೇಕು.

ಏಪ್ರಿಲ್ 12, ಸೋಮವಾರ

ಸಹಿ ಮಾಡಿದೆ! ಟೋಜರ್ ನನ್ನ ಕೈ ಬಿಡದೆ ಕುಲುಕಿದ. ಮೊದಲ ಚಿತ್ರದಲ್ಲಿ ಜಡ್ಜನ ಮನೆಯ ಒಡತಿ. ಜಡ್ಜನನ್ನೇ ಆಳುವವಳು. ಸುದ್ದಿ ಹೇಳಲು ಟೀ ಅಂಗಡಿಗೆ ಓಡಿದೆ. ಅಲ್ಲಿ ಹೋದ ಮೇಲೆ, ಯಾರಿಗೆ ಹೇಳಬೇಕೆಂದು ಬಂದೆ ಎಂದು ನೆನಪಾಗದೆ, ಒಂದು ಬನ್ನು ತಿಂದು ಬಂದೆ.

ಮೇ 6, ಗುರುವಾರ

ಸ್ಟುಡಿಯೋದವರ ಮಧ್ಯಾಹ್ನದ ಊಟ. ಎಡಗಡೆ ಒಬ್ಬ ಲಾರ್ಡ್, ಬಲಗಡೆ ಪತ್ರಿಕೆಯವನು. ಮಾತು ನಿಂತಿತೆಂದು ಸಿರಿಲ್‌ನ ಕುದುರೆ ಹಿಂಗಾಲಿನ ಕಥೆ ಹೇಳಿದೆ: ಮುಂಗಾಲಿನವನು ಕುಡಿದು ಬಂದದ್ದು, ಕುದುರೆ ರಂಗದ ನಡುವೆ ಎರಡು ದಿಕ್ಕಿಗೆ ಹೊರಟದ್ದು. ಯಾರೂ ನಗಲಿಲ್ಲ. ಎಲ್ಲೋ ಒಂದು ತಿರುವು ಬಿಟ್ಟೆ. ಅವನು ಹೇಳಿದರೆ ಆ ಕಥೆಯಲ್ಲಿ ಮೊದಲು ಕಿವಿ ಬರುತ್ತದೋ ಬಾಲ ಬರುತ್ತದೋ? ಒಂದು ಕಾರ್ಡು ಬರೆದು ಕೇಳೋಣವೆಂದು ಕೂತೆ. ಆದರೆ ಯಾವ ಊರಿಗೆ ಹಾಕುವುದು.

ಮೇ 19, ಬುಧವಾರ

ಪತ್ರಿಕೆಯಲ್ಲಿ ನನ್ನ ಫೋಟೋ! "ಇಷ್ಟು ದಿನ ಎಲ್ಲಿದ್ದರು ಈಕೆ?" ಅಂತ ಶೀರ್ಷಿಕೆ. ಪಕ್ಕದ ಬೀದಿಯಲ್ಲೇ ಇದ್ದೆ ಕಣಯ್ಯ, ವಾರಕ್ಕೆ ಎಂಟು ಆಟ. ಮಿಸೆಸ್ ಬಿಗ್ಸ್ ಅದನ್ನು ಕತ್ತರಿಸಿ ಹಜಾರದಲ್ಲಿ ಅಂಟಿಸಿದ್ದಾಳೆ. ಬಾತ್‌ರೂಮಿನ ನಿಯಮಗಳ ಪಕ್ಕದಲ್ಲಿ.

ಜೂನ್ 10, ಗುರುವಾರ

ಹೇಗೆ ಬರೆಯಲಿ? ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮಧ್ಯಾಹ್ನ ಊರ ಹೊರಗಿನ ಒಂದು ಟಾಕೀಸಿನಲ್ಲಿ ಚಿತ್ರವನ್ನು ಸಾಮಾನ್ಯ ಜನರಿಗೆ ತೋರಿಸಿ ನೋಡಿದರು. ಯಾರಿಗೂ ಗೊತ್ತಾಗದ ಹಾಗೆ ನಾವೂ ನಡುವೆ ಕೂತೆವು. ನನ್ನ ಪಕ್ಕ ಒಬ್ಬ ದಪ್ಪ ಹೆಂಗಸು, ಮಡಿಲಲ್ಲಿ ಸಂತೆಚೀಲ, ಆಚೆ ಅವಳ ತಂಗಿ. ಆಲೂಗಡ್ಡೆಗೆ ಇಡೀ ಟಾಕೀಸು ನಕ್ಕಿತು. ಬಿಸಿನೀರಿಗೆ ನಕ್ಕಿತು. ನನಗೆ ಮೈಯೆಲ್ಲ ಬೆಂಕಿ, ಸಂತೋಷದ ಬೆಂಕಿ! ಮೀನಂಗಡಿ ದೃಶ್ಯ ಬಂತು. ನಾನು ಮುಂದೆ, ಹುಡುಗಿಯ ಕೈ ಹಿಡಿದು. ನನ್ನ ಭುಜದ ಹಿಂದೆ, ಕಿಟಕಿ ಪಕ್ಕ, ಆಲೂಗಡ್ಡೆ ಸುಲಿಯುವ ಗ್ರಬ್.

ಚೆನ್ನಾಗಿಯೇ ಹೇಳಿದ್ದೇನೆ, ಸುಳ್ಳು ಯಾಕೆ. ಆದರೆ ಸರದಿ ಬಿಟ್ಟುಕೊಟ್ಟ ಮಾತು ಬರುತ್ತಿದ್ದಂತೆ ಪಕ್ಕದವಳು ತಂಗಿಯನ್ನು ತಿವಿದಳು. "ಏಯ್, ಹಿಂದೆ ಆ ಯಜಮಾನ್ರನ್ನ ನೋಡೇ."

ನಾನೂ ನೋಡಿದೆ. ಅವತ್ತು ನನ್ನ ಬೆನ್ನು ಅವನ ಕಡೆಗಿತ್ತು. ಇವತ್ತೇ ಮೊದಲು ನೋಡಿದ್ದು.

ಅವನು ಏನೂ ಮಾಡುವುದಿಲ್ಲ. ನನ್ನ ಸೌಟಿನ ಥರದ್ದು ಒಂದೂ ಇಲ್ಲ. ಸಿಪ್ಪೆ ಸುರುಳಿಯಾಗಿ ಇಳಿಯುತ್ತಿದೆ. ನಾನು ಮೊದಲ ಸಲ ಸರದಿ ಬಿಟ್ಟ ಕಥೆ ಹೇಳಿದಾಗ ಚಾಕು ನಿಧಾನವಾಗುತ್ತದೆ. ಎರಡನೆಯದಕ್ಕೆ ಇನ್ನೂ ನಿಧಾನ. ಮೂರನೆಯದಕ್ಕೆ ನಿಲ್ಲುತ್ತದೆ, ಸಿಪ್ಪೆ ಗಾಳಿಯಲ್ಲಿ ತೂಗುತ್ತಿದೆ. ತಲೆ ಎತ್ತುವುದಿಲ್ಲ. ಹೆಂಡತಿ ಇದನ್ನು ಇಷ್ಟು ವರ್ಷ ನೆನಪಿಟ್ಟಿದ್ದಾಳೆಂದು ಆ ಮನುಷ್ಯನಿಗೆ ಈಗ ಗೊತ್ತಾಗುತ್ತಿದೆ. ನಾನು, "ಉಳಿದಿರೋದು ನಾನೊಬ್ಬನೇ" ಎಂದಾಗ ಅವನು ಉಸಿರು ಬಿಡುತ್ತಾನೆ. ಭುಜ ಇಳಿಯುತ್ತದೆ, ಅಷ್ಟೇ. ಆಮೇಲೆ ಸಿಪ್ಪೆ ಮತ್ತೆ ಇಳಿಯತೊಡಗುತ್ತದೆ.

ಸಂತೆಚೀಲದ ಹೆಂಗಸು ಮೂಗು ಒರೆಸಿಕೊಂಡಳು. ಇಡೀ ಟಾಕೀಸಿನಲ್ಲಿ ಮೂಗಿನ ಸದ್ದು.

ಹೊರಗೆ ಬಂದ ಮೇಲೆ ಫೆರಾರ್ ಕುಣಿಯುತ್ತಿದ್ದ. "ಅಲ್ಲಿ ನಿಮ್ಮ ಕ್ಲೋಸ್ ಅಪ್ ಹಾಕೋಣ ಅಂತಿದ್ದೆ ಈನಿಡ್. ನಮ್ಮ ಎಡಿಟರ್ ಕತ್ತರಿ ಬಿಸಾಕಿ ಹೊರಗೆ ಹೋಗ್ಬಿಟ್ಟ. ಈ ಶಾಟ್ ತುಂಡು ಮಾಡಿದ್ರೆ ತಾನು ಕೆಲಸ ಬಿಡ್ತೀನಿ ಅಂದ. ಸದ್ಯ!"

ಸಂತೋಷವಾಗಿದೆ. ಬಹಳ ಸಂತೋಷವಾಗಿದೆ. ಊಟ ಮಾತ್ರ ಸೇರಲಿಲ್ಲ.

ಜೂನ್ 11, ಶುಕ್ರವಾರ

ಮಾರ್ಚ್ ತಿಂಗಳ ಪುಟಗಳನ್ನು ಓದಿದೆ. "ನಾನೇನೂ ಕೇಳಲಿಲ್ಲ" ಅಂತ ಬರೆದಿದ್ದೇನೆ.

ಜೂನ್ 12, ಶನಿವಾರ

ಬಾಗಿಲು ಕಾಯುವ ಮುದುಕನಿಂದ ಕಂಪನಿಯ ಊರುಗಳ ಪಟ್ಟಿ ಸಿಕ್ಕಿತು. ಬರುವ ವಾರ ಹ್ಯಾಲಿಫ್ಯಾಕ್ಸ್. ಬುಧವಾರ ನನಗೆ ಬೇರೆ ಕೆಲಸವಿಲ್ಲ.

ಜೂನ್ 16, ಬುಧವಾರ, ರೈಲಿನಲ್ಲಿ

ಹ್ಯಾಲಿಫ್ಯಾಕ್ಸಿಗೆ ಹೋಗುತ್ತಿರುವುದು ನಾಟಕ ಹೇಗಿದೆ ಎಂದು ನೋಡಲು. ಎದುರಿಗೆ ಕೂತವರು ನನ್ನ ತುಟಿ ಅಲ್ಲಾಡುವುದನ್ನು ನೋಡುತ್ತಿದ್ದಾರೆ. ಏನು ಹೇಳಬೇಕೆಂದು ಎಂಟು ಥರ ಯೋಚಿಸಿದೆ. ಎಂಟೂ ನಾಟಕದ ಮಾತಿನ ಹಾಗೇ ಇವೆ.

ಅದೇ ದಿನ, ವಾಪಸು ರೈಲಿನಲ್ಲಿ, ಸಂಜೆ ಬೆಳಕಿನಲ್ಲಿ

ಗಾಡಿ ಎಷ್ಟು ಕುಲುಕಿದರೂ ಸರಿ, ಬರೆದೇ ಬಿಡುತ್ತೇನೆ!

ಮಧ್ಯಾಹ್ನದ ಆಟ. ನಲವತ್ತು ಜನ, ಚಾವಣಿಯ ಮೇಲೆ ಮಳೆ. ಸಿರಿಲ್ ಬಿಷಪ್ಪನ ಪಾತ್ರ. ಎರಡನೇ ಅಂಕವಿಡೀ ಪ್ಯಾಂಟು ಕಳೆದುಕೊಂಡು, ಇನ್ನೊಬ್ಬರ ಮನೆಯ ಸೋಫಾದ ಹಿಂದೆ ಗೌರವ ಕಾಪಾಡಿಕೊಂಡು ನಿಲ್ಲಬೇಕು. ನಕ್ಕು ನಕ್ಕು ನನ್ನ ಹ್ಯಾಟು ಬಿತ್ತು. ಅವನ ಹೆಂಡತಿಯ ಪಾತ್ರದವಳೊಬ್ಬಳು ಇದ್ದಾಳೆ, ಎತ್ತರದವಳು, ಅವನು ಮಾತಾಡುವಾಗ ಅವಳ ಕಣ್ಣು ಪ್ರೇಕ್ಷಕರ ಮೇಲೆ. ಕೆನ್ನೆಗೆ ಬಾರಿಸಬೇಕೆನ್ನಿಸಿತು. ಆಮೇಲೆ ಸೌಟು ನೆನಪಾಗಿ ಸುಮ್ಮನೆ ಕೂತೆ.

ಆಟ ಮುಗಿದ ಮೇಲೆ ಒಳಗೆ ಹೋದೆ. ಎರಡು ಮಹಡಿ ಮೆಟ್ಟಿಲು! ಬಾಗಿಲು ತೆಗೆದರೆ, ಬಿಷಪ್ಪನ ಅಂಗಿಯಲ್ಲೇ ಮಂಡಿಗೆ ಪಟ್ಟಿ ಸುತ್ತುತ್ತ ಕೂತಿದ್ದ.

"ಸಾಲಿನಲ್ಲಿ ಆರನೇ ಸೀಟು. ಹ್ಯಾಟು ಬಿತ್ತು. ನೋಡಿದೆ" ಎಂದ. ನಗಲಿಲ್ಲ.

"ಸಿನಿಮಾ ನೋಡ್ದೆ ಸಿರಿಲ್."

"ಹೆಂಗಿದೆ? ನೀನು ಚೆನ್ನಾಗಿ ಬಂದಿದೀಯಾ?"

ಎಂಟು ಥರದ ಮಾತನ್ನೂ ಬಿಟ್ಟೆ. "ನಾನೇ ಹೇಳಿದ್ದು. ಕಾರಿನಲ್ಲಿ. ಹೆಂಗಸರಿಗೇ ನೆನಪಿರೋದು ಅಂತ ಫೆರಾರ್‌ಗೆ ನಾನೇ ಹೇಳ್ದೆ. ನಿನ್ನ ಮಾತನ್ನ ಕಿತ್ಕೊಂಡೆ" ಅಂದೆ.

"ಗೊತ್ತು."

"ಗೊತ್ತಾ?"

"ಫೆರಾರ್ ಮರುದಿನವೇ ಊರಿಗೆಲ್ಲ ಹೇಳ್ಕೊಂಡು ಬಂದ. ನಿನ್ನ ಬುದ್ಧಿವಂತಿಕೆ ಅಂತ."

"ಗೊತ್ತಿದ್ದೂ ಉಸಿರು ಬಿಟ್ಟು ಹೇಳು ಅಂತ ಯಾಕೆ ಹೇಳಿಕೊಟ್ಟೆ?"

"ಆ ಮಾತು ಕೆಡೋದು ನಂಗಿಷ್ಟ ಇರ್ಲಿಲ್ಲ." ಪಟ್ಟಿಯ ತುದಿಗೆ ಪಿನ್ನು ಚುಚ್ಚಿದ. "ನೀನು ಒಂದ್ಸಲ ಬಂದು ಕೇಳ್ತೀಯ ಅಂದ್ಕೊಂಡಿದ್ದೆ ಈನಿಡ್. ಸಿರಿಲ್, ಅದು ನಂಗೆ ಬೇಕು ಕಣೋ, ಕೊಡ್ತೀಯಾ ಅಂತ."

"ಕೇಳಿದ್ರೆ ಕೊಡ್ತಿದ್ಯಾ?"

"ಕೊಡ್ತಿರ್ಲಿಲ್ಲ! ಜಗಳ ಆಡ್ತಿದ್ದೆ. ಕುರ್ಚಿ ಎಸೀತಿದ್ದೆ. ಮೂರು ದಿನ ಮಾತು ಬಿಡ್ತಿದ್ದೆ. ಆಮೇಲೆ ಕೊಡ್ತಿದ್ದೆ." ನನ್ನ ಕಡೆ ನೋಡಿದ, ಇಷ್ಟು ತಿಂಗಳಲ್ಲಿ ಮೊದಲ ಸಲ. "ಆ ಜಗಳನಾದ್ರೂ ನಂದಾಗಿರ್ತಿತ್ತು."

ನಾನು ಅತ್ತೆ. ನಾಟಕದಲ್ಲಿ ಚೆನ್ನಾಗಿ ಅಳುತ್ತೇನೆ, ಇದು ಕೆಟ್ಟದಾಗಿ ಬಂತು, ಮೂಗೆಲ್ಲ ಸೋರಿತು. ತಪ್ಪಾಯಿತು ಎಂದೆ. ಅವನು ಬಣ್ಣ ಒರೆಸುವ ಬಟ್ಟೆ ಕೊಟ್ಟ. ಮುಖಕ್ಕೆಲ್ಲ ಬಿಷಪ್ಪನ ಬಣ್ಣ ಮೆತ್ತಿಕೊಂಡಿತು. ಆಗ ನಕ್ಕ, ಪಾಪಿ.

ಟಾಕೀಸಿನ ಕಥೆ ಹೇಳಿದೆ. ಚಾಕು ನಿಂತದ್ದು, ಸಂತೆಚೀಲದವಳು ತಂಗಿಯನ್ನು ತಿವಿದದ್ದು, ಎಡಿಟರ್ ಕತ್ತರಿ ಎಸೆದದ್ದು, ಒಂದನ್ನೂ ಬಿಡಲಿಲ್ಲ. ಅವನು ಮೂರು ಸಲ, "ನಿಜವಾಗ್ಲೂ?" ಎಂದು ಕೇಳಿದ. ಕಿವಿ ಕೆಂಪಾದವು. ಆಮೇಲೆ ಬಣ್ಣದ ಪೆಟ್ಟಿಗೆಯ ಕೆಳಗಿನಿಂದ ಒಂದು ದಪ್ಪ ಲಕೋಟೆ ತೆಗೆದ. ಐದು ಊರಿನ ಮುದ್ರೆ ಬಿದ್ದು, ಅವನ ಬೆನ್ನಟ್ಟಿ ಬಂದ ಕಾಗದ. ಫೆರಾರ್‌ನದು. ನನ್ನ ಮುಂದಿನ ಚಿತ್ರದ ಜಡ್ಜನ ಪಾತ್ರ ಮಾಡುತ್ತೀರಾ ಎಂದು ಕೇಳಿದ್ದಾನೆ! ಜೊತೆಗೆ ಚಿತ್ರಕಥೆಯ ಪ್ರತಿ. ನನಗೆ ಒಂದು ಮಾತೂ ಹೇಳಿಲ್ಲ ಆ ಫೆರಾರ್!

"ಸೋಮವಾರ ಬಂತು. ಇನ್ನೂ ಉತ್ತರ ಬರೆದಿಲ್ಲ."

"ಯಾಕೆ ಮಾರಾಯ?!"

"ಇಡೀ ಚಿತ್ರ ನಿನ್ನ ಎದುರಿಗೇ ನಿಲ್ಬೇಕು. ನಿಲ್ಲೋದಾ ಬೇಡ್ವಾ ಅಂತ ಯೋಚನೆ ಮಾಡ್ತಿದ್ದೆ."

ಅವನು ಬಹಳ ಹೊತ್ತು ಮಂಡಿ ಸವರಿಕೊಂಡ. ಆಮೇಲೆ ಪುಟ ತಿರುವಿ, "ಹತ್ತೊಂಬತ್ತನೇ ಪುಟ ನೋಡು. ಇದು ಜಡ್ಜ್ ಹೇಳೋ ಮಾತಲ್ವಾ? ನಿನ್ನ ಬಾಯಿಗೆ ಹಾಕಿದಾರೆ" ಎಂದ.

ಓದಿದೆ. "ನಂದೇ ಇದು! ಮನೆ ಒಡತಿ ಬಿಟ್ರೆ ಇನ್ಯಾರು ಹೇಳ್ತಾರೆ?"

"ಕೋರ್ಟಿನ ಮಾತು ಕಣೆ, ಅಡುಗೆಮನೆದಲ್ಲ!"

"ಜಡ್ಜ್ ಅದನ್ನ ಹೇಳಿದ್ರೆ ಜನ ನಿದ್ದೆ ಮಾಡ್ತಾರೆ!"

"ನನ್ನ ಮಾತಿಗೆ ಯಾವ ಊರಲ್ಲೇ ಜನ ನಿದ್ದೆ ಮಾಡಿದ್ದು? ಹೆಸರು ಹೇಳು!"

"ಬ್ರ್ಯಾಡ್‌ಫರ್ಡ್!"

ಅವನು ಎದ್ದು ನಿಂತ, ಮಂಡಿ ಮರೆತು. ನಾನು ಕುರ್ಚಿ ಹಿಡಿದುಕೊಂಡೆ, ಎಸೆಯುತ್ತಾನೇನೋ ಎಂದು. ಎತ್ತರದ ಹೆಂಗಸು ಬಾಗಿಲಿಂದ ಇಣುಕಿ, "ಏನಾಯ್ತು ಗಾರ್ಸೈಡ್, ಯಾರನ್ನಾದ್ರೂ ಕರೀಲಾ?" ಎಂದಳು. ಇಬ್ಬರೂ ಒಟ್ಟಿಗೆ, "ಬೇಡ!" ಎಂದು ಕೂಗಿದೆವು. ಸಂಜೆ ಆಟದ ಗಂಟೆ ಹೊಡೆಯುವವರೆಗೂ ನಡೆಯಿತು. ಗಂಟಲು ಬಿದ್ದುಹೋಗಿದೆ. ನನ್ನ ರೈಲು ಹೊರಡುವುದರಲ್ಲಿತ್ತು, ಓಡಿ ಹಿಡಿದೆ.

ಹತ್ತೊಂಬತ್ತನೇ ಪುಟ ಅವನಿಗೆ. ಕೇಳಿದ, ಕೊಟ್ಟೆ. ಇಪ್ಪತ್ತಾರನೆಯದರ ಜಗಳ ಇನ್ನೂ ಮುಗಿದಿಲ್ಲ. ಭಾನುವಾರ ಕಂಪನಿ ಊರು ಬದಲಿಸುವಾಗ ಅವನು ಲಂಡನ್ನಿಗೆ ಬರುತ್ತಾನೆ, ಅಲ್ಲಿಯವರೆಗೆ ಇಬ್ಬರೂ ಯೋಚಿಸಿಕೊಂಡಿರಬೇಕೆಂದು ಒಪ್ಪಂದವಾಗಿದೆ. ನಾನು ಬಿಡುವುದಿಲ್ಲ. ಅವನೂ ಬಿಡುವವನಲ್ಲ. ಇವತ್ತು ಬುಧವಾರ. ಭಾನುವಾರಕ್ಕೆ ಇನ್ನೂ ನಾಲ್ಕು ದಿನ!